ಏಳೆಂಟ್ಲೆ ಹತ್ತಿರ ನಿಂತವಳು

ಸಂಡೂರು
೧೪ ಜೂನ್ ೨೦೨೫

ಪ್ರೀತಿಯ ಲಕ್ಷ್ಮೀಬಾಯಿ ಟೀಚರ್ ಅವರಿಗೆ,

ಬುಕ್ಕಸಾಗರದ ಹುಲುಗಮ್ಮನ ಮಗಳು ಸುಧಾರಾಣಿಯ ನಮಸ್ಕಾರಗಳು. ನೆನಪಿದೆಯೋ ಇಲ್ಲವೋ ಅಂತ ಅಮ್ಮನ ಹೆಸರನ್ನೂ ಸೇರಿಸಿದ್ದೇನೆ. ನಮ್ಮೂರ ಶಾಲೆಯಲ್ಲಿ ಏಳನೇ ತರಗತಿಯವರೆಗೆ ನಿಮ್ಮ ಹತ್ತಿರ ಗಣಿತ ಕಲಿತವಳು. ದಿನಾ ಸಂಜೆ ಬೇವಿನ ಮರದ ಕೆಳಗೆ ಎಲ್ಲರ ಮುಂದೆ ನಿಂತು ಮಗ್ಗಿ ಹೇಳಿಸುತ್ತಿದ್ದವಳು ಅಂದರೆ ತಟ್ಟನೆ ಹೊಳೆಯಬಹುದು.

ನಿಮಗೆ ಫೋನ್ ಮಾಡಿದೆ. ರಿಂಗ್ ಆಗಿ ಆಗಿ ನಿಂತುಹೋಯಿತು, ಎರಡು ಸಲವೂ. ಅದಕ್ಕೇ ಪತ್ರ.

ವಿಷಯ ಏನೆಂದರೆ, ನಾನೀಗ ಗಣಿತದ ಟೀಚರ್. ಸಂಡೂರಿನಿಂದ ಒಳಗೆ, ಗುಡ್ಡದ ಕೆಳಗಿನ ಒಂದು ಹಳ್ಳಿಯ ಸರ್ಕಾರಿ ಶಾಲೆ. ಆರು, ಏಳನೇ ತರಗತಿ ನನ್ನ ಪಾಲಿಗೆ. ಸಂಡೂರಿನಲ್ಲೇ ರೂಮು ಮಾಡಿದ್ದೇನೆ. ಶಾಲೆಯ ಮುಂದೆ ಅದಿರು ಲಾರಿ ಓಡುತ್ತವೆ, ಬೋರ್ಡಿನ ಮೇಲೆ ಬಿಳಿ ಸೀಮೆಸುಣ್ಣದಲ್ಲಿ ಬರೆದದ್ದು ಮಧ್ಯಾಹ್ನದ ಹೊತ್ತಿಗೆ ಕೆಂಪಗಾಗಿರುತ್ತದೆ. ಉಳಿದದ್ದೆಲ್ಲ ಚೆನ್ನಾಗಿದೆ. ಮಕ್ಕಳು ಒಳ್ಳೆಯವರು.

ನಿಮ್ಮಿಂದ ಒಂದು ಉಪಕಾರ ಬೇಕು. ಈ ವಯಸ್ಸಿನ ಮಕ್ಕಳ ಗಣಿತದ ತರಗತಿಯಲ್ಲಿ ಏನೇನು ಎದುರಾಗುತ್ತದೆ, ಮೊದಲೇ ತಿಳಿದರೆ ಒಳ್ಳೆಯದು. ತರಬೇತಿಯಲ್ಲಿ ಭಾಳ ಹೇಳಿದರು. ಆದರೆ ನನಗೆ ಗಣಿತ ಅಂದರೆ ನಿಮ್ಮ ತರಗತಿಯೇ.

ಇನ್ನೊಂದು ಮಾತು. ಹೊಸಪೇಟೆಯ ಒಂದು ಕಚೇರಿಯ ಕೆಲಸದ ಪಟ್ಟಿಯಲ್ಲೂ ನನ್ನ ಹೆಸರಿದೆ. ವರ್ಷದ ಕೊನೆಯೊಳಗೆ ಕರೆ ಬರಬಹುದು. ಮನೆಗೆ ಹತ್ತಿರ, ಕುರ್ಚಿ ಮೇಜಿನ ಕೆಲಸ, ಅಮ್ಮನಿಗೆ ಅದೇ ಇಷ್ಟ. ನಾನಿನ್ನೂ ಏನೂ ತೀರ್ಮಾನಿಸಿಲ್ಲ.

ನಿಮ್ಮ ವಿದ್ಯಾರ್ಥಿನಿ,
ಸುಧಾರಾಣಿ


ಚಿತ್ತವಾಡ್ಗಿ, ಹೊಸಪೇಟೆ
೨೩ ಜೂನ್ ೨೦೨೫

ಚಿ. ಸುಧಾರಾಣಿಗೆ ಆಶೀರ್ವಾದಗಳು.

ಹುಲುಗಮ್ಮನ ಹೆಸರು ಬೇಕಾಗಿರಲಿಲ್ಲ. ಎರಡು ಜಡೆಗೆ ಎರಡು ಬಣ್ಣದ ರಿಬ್ಬನ್ನು ಕಟ್ಟಿಕೊಂಡು ಬರುತ್ತಿದ್ದವಳು ನೀನೊಬ್ಬಳೇ. ಫೋನ್ ನನಗೆ ಸೇರುವುದಿಲ್ಲ, ಇನ್ನು ಮುಂದೆ ಮಾಡಬೇಡ. ಪತ್ರ ಬರೆ. ನನ್ನ ತಮ್ಮನ ಮಗ ಅಭಯ ಸಂಜೆ ಆಫೀಸಿನಿಂದ ಬರುವಾಗ ನನ್ನ ಪತ್ರ ಡಬ್ಬಿಗೆ ಹಾಕುತ್ತಾನೆ. ಈ ಕಾಲದಲ್ಲೂ ಅಂಚೆ ಬೇಕೇ ಅತ್ತೆ ಅಂತ ನಗುತ್ತಾನೆ. ನಗಲಿ.

ಏನು ಎದುರಾಗುತ್ತದೆ ಅಂತ ಕೇಳಿದ್ದೀಯ. ಮೊದಲ ವಾರ ಅವರು ಬೋರ್ಡು ನೋಡುವುದಿಲ್ಲ, ನಿನ್ನನ್ನು ನೋಡುತ್ತಾರೆ. ಈಕೆ ಹೊಡೆಯುತ್ತಾಳೋ, ಅಳುತ್ತಾಳೋ, ತಪ್ಪು ಮಾಡಿದರೆ ಒಪ್ಪಿಕೊಳ್ಳುತ್ತಾಳೋ, ಇಷ್ಟು ಅಳೆದ ಮೇಲೇ ಪುಸ್ತಕ ತೆರೆಯುವುದು. ಆಮೇಲೆ ಭಿನ್ನರಾಶಿ ಬರುತ್ತದೆ. ಮೇಲಿನದಕ್ಕೆ ಮೇಲಿನದು, ಕೆಳಗಿನದಕ್ಕೆ ಕೆಳಗಿನದು ಕೂಡಿಸಿ, ಅರ್ಧಕ್ಕೆ ಅರ್ಧ ಸೇರಿಸಿದರೆ ನಾಲ್ಕರಲ್ಲಿ ಎರಡು ಅಂತ ತಂದು ತೋರಿಸುತ್ತಾರೆ. ಬೈಯಬೇಡ. ಅರ್ಧ ರೊಟ್ಟಿಗೆ ಇನ್ನರ್ಧ ರೊಟ್ಟಿ ಹಾಕಿದರೂ ಅರ್ಧವೇ ಉಳಿಯುವ ಮನೆಯಲ್ಲಿ ಯಾರು ಊಟ ಮಾಡುತ್ತೀರಿ ಅಂತ ಕೇಳು. ಕೋನಮಾಪಕವನ್ನು ಅರ್ಧ ತರಗತಿ ತಿರುಗಾಮುರುಗಾ ಓದುತ್ತದೆ. ಕೈವಾರದ ಮುಳ್ಳಿನಿಂದ ಒಬ್ಬ ಇನ್ನೊಬ್ಬನಿಗೆ ಚುಚ್ಚೇ ಚುಚ್ಚುತ್ತಾನೆ, ಅದನ್ನು ತಡೆದ ಟೀಚರ್ ಇನ್ನೂ ಹುಟ್ಟಿಲ್ಲ. ಅಂಕಿಗಳ ನಡುವೆ ಅಕ್ಷರ ಬಂದು ಕೂತ ದಿನ ತರಗತಿ ಎರಡು ಪಾಲಾಗುತ್ತದೆ. ಕೆಲವರಿಗೆ ಎಕ್ಸ್ ಅಂದರೆ ಆಟ, ಉಳಿದವರಿಗೆ ಗಾಬರಿ. ಆ ದಿನ ಗಾಬರಿಯಾದವರ ಪಕ್ಕ ಹೋಗಿ ಕುಳಿತುಕೋ.

ಸೊನ್ನೆಗಿಂತ ಕಡಿಮೆಯ ಸಂಖ್ಯೆ ಹೇಳಿಕೊಡಲು ನಿಮ್ಮನ್ನೆಲ್ಲ ಹಂಪಿಯ ಪುಷ್ಕರಣಿಗೆ ನಡೆಸಿಕೊಂಡು ಹೋಗಿದ್ದೆನಲ್ಲ, ನೆನಪಿದೆಯೇ? ಮೇಲಿನ ಕಟ್ಟೆ ಸೊನ್ನೆ, ಕೆಳಗಿಳಿದಷ್ಟೂ ಮೈನಸ್. ಯಾರು ಎಲ್ಲಿ ನಿಂತಿದ್ದೀರಿ ಕೂಗಿ ಹೇಳಿ ಅಂದರೆ, ನಿಮ್ಮ ಕೂಗು ಕಲ್ಲಿಗೆ ಬಡಿದು ಎರಡೆರಡು ಸಲ ಕೇಳುತ್ತಿತ್ತು. ಆ ಸದ್ದು ನೆನೆದರೆ ಈಗಲೂ ಸುಖವಾಗುತ್ತದೆ. ಬರುವಾಗ ಬಾಳೆತೋಟದವರು ಒಂದು ಗೊನೆಯನ್ನೇ ಕೊಟ್ಟರು, ಹಂಚುವ ಲೆಕ್ಕದಲ್ಲಿ ನೀವು ಜಗಳ ಮಾಡಿದಿರಿ.

ಉಳಿದದ್ದೆಲ್ಲ ಚೆನ್ನಾಗಿದೆ ಅಂತ ಬರೆದಿದ್ದೀಯ. ಏನು ಚೆನ್ನಾಗಿಲ್ಲ ಅಂತ ಮುಂದಿನ ಪತ್ರದಲ್ಲಿ ಬರೆ.

ಲಕ್ಷ್ಮೀಬಾಯಿ


ಸಂಡೂರು
೨೦ ಜುಲೈ ೨೦೨೫

ಪ್ರೀತಿಯ ಟೀಚರ್,

ನಿಮ್ಮ ಕಣ್ಣು ತಪ್ಪಿಸುವುದು ಅಂದೂ ಆಗಲಿಲ್ಲ, ಇಂದೂ ಇಲ್ಲ. ನನ್ನ ತರಗತಿ ನನ್ನ ಕೈಗೆ ಸಿಗುತ್ತಿಲ್ಲ.

ಹೋದ ವಾರ ಒಂದು ಲೆಕ್ಕ ಕೊಟ್ಟೆ. ಒಂದು ಲಾರಿ ಇಪ್ಪತ್ತು ಟನ್ ಅದಿರು ಹೊರುತ್ತದೆ, ತೊಂಬತ್ತು ಟನ್ ಸಾಗಿಸಲು ಎಷ್ಟು ಲಾರಿ ಬೇಕು? ಊರಿನ ಲೆಕ್ಕವನ್ನೇ ಕೊಟ್ಟೆನೆಂದು ನನಗೇ ಹೆಮ್ಮೆ. ಪಂಪೇಶ್ ಅನ್ನುವವನು ಎದ್ದು, "ನಾಕು ಸಾಕ್ರಿ ಮಿಸ್, ಒಂದೊಂದಕ್ಕ ಸ್ವಲ್ಪ ಜಾಸ್ತಿ ತುಂಬಿದ್ರ ಆತು" ಅಂದ. ನಾನು ತಪ್ಪು, ಐದು ಅಂದೆ. ಇಡೀ ತರಗತಿ ನಕ್ಕಿತು. ಅವನನ್ನು ನೋಡಿ ಅಲ್ಲ, ನನ್ನನ್ನು ನೋಡಿ. ಐದನೇ ಲಾರಿ ಅರ್ಧ ಖಾಲಿ ಹೋಗುವುದನ್ನು ಅವರು ಯಾರೂ ಕಂಡಿಲ್ಲವಂತೆ. ಬಿಸಿಯೂಟದ ಕೋಣೆಯ ಹಿಂದೆ ಹೋಗಿ ಸ್ವಲ್ಪ ಹೊತ್ತು ನಿಂತು ಬಂದೆ. ಅತ್ತೆನೆಂದು ಬರೆಯಲು ನಾಚಿಕೆ.

ಕೊನೆಗೆ ನಿಮ್ಮ ಮಗ್ಗಿಯ ಪದ್ಧತಿಯನ್ನೇ ತಂದೆ. ಸಂಜೆ ಕೊನೆಯ ಪಿರಿಯಡ್, ಸಾಲಾಗಿ ನಿಲ್ಲುವುದು, ಒಬ್ಬರು ಮುಂದೆ ನಿಂತು ಹೇಳುವುದು, ಉಳಿದವರು ಹಿಂದೆ ಹೇಳುವುದು. ತರಗತಿಗೆ ಜಾಣೆ ಸುಷ್ಮಿತಾ, ಅವಳನ್ನೇ ಮುಂದೆ ನಿಲ್ಲಿಸಿದ್ದೇನೆ. ಬಾಯಿ ಬಿಟ್ಟರೆ ಮುಗಿಯಿತು, ಇಪ್ಪತ್ತರವರೆಗೆ ಬಸ್ಸಿನ ಹಾಗೆ ಓಡಿಸುತ್ತಾಳೆ. ಆದರೂ ಅದರಲ್ಲಿ ಏನೋ ಕಡಿಮೆ. ನಾನು ಹೇಳಿಸುತ್ತಿದ್ದಾಗ ಹೀಗಿರಲಿಲ್ಲ. ಏಳೆಂಟ್ಲೆ ಹತ್ತಿರ ಬಂದು ನಾನು ಬೇಕೆಂದೇ ತಡೆಯುತ್ತಿದ್ದೆ. ಎಲ್ಲರೂ ಉಸಿರು ಹಿಡಿದು ನನ್ನ ಮುಖ ನೋಡುತ್ತಿದ್ದರು. ಆಮೇಲೆ ನಿಧಾನಕ್ಕೆ ಐವತ್ತಾರು ಅನ್ನುತ್ತಿದ್ದೆ. ಆ ಗತ್ತು ಎಲ್ಲಿಂದ ಬಂತೋ ನನಗೆ. ನಾನು ಗಣಿತ ಓದಿದ್ದೇ ಆ ಸಂಜೆಗಳಿಂದ. ನಿಮಗೆ ನನ್ನ ಮಗ್ಗಿಯ ಮೇಲೆ ಅಷ್ಟು ಭರವಸೆ ಇತ್ತು.

ಅಕ್ಕನಾಗಮ್ಮ ಅಂತ ಒಬ್ಬಳಿದ್ದಾಳೆ, ಅಜ್ಜಿಯ ಹೆಸರು, ಹನ್ನೆರಡು ವರ್ಷದ ಹುಡುಗಿ. ಹಿಂದಿನ ಸಾಲಿನಲ್ಲಿ ನಿಂತು ತುಟಿ ಮಾತ್ರ ಆಡಿಸುತ್ತಾಳೆ, ಸದ್ದೇ ಇಲ್ಲ. ಬಹುಶಃ ಇವಳಿಂದ ಆಗದು.

ಆಗಸ್ಟ್ ಕೊನೆಯಲ್ಲಿ ನಮ್ಮಲ್ಲಿ ಮೆಟ್ರಿಕ್ ಮೇಳ. ಮಕ್ಕಳೇ ತರಕಾರಿ, ಮಂಡಕ್ಕಿ ತೂಗಿ ಮಾರುತ್ತಾರೆ. ನೀವು ಬಂದು ಉದ್ಘಾಟಿಸಿ ಎರಡು ಮಾತಾಡಬೇಕು, ಮಕ್ಕಳ ಪ್ರಶ್ನೆಗೆ ಉತ್ತರಿಸಬೇಕು. ಹೆಡ್‌ಮಾಸ್ಟರ್ ಉಜ್ಜಿನಪ್ಪ ಸರ್ ಒಪ್ಪಿದ್ದಾರೆ. ಹಾಗೇ, ಕಚೇರಿ ಕೆಲಸದ ಬಗ್ಗೆ ನಿಮ್ಮ ಅಭಿಪ್ರಾಯವೂ ಬೇಕು. ನಾನು ಈ ಕೆಲಸಕ್ಕೆ ಹುಟ್ಟಿದವಳಲ್ಲ ಅನ್ನಿಸುತ್ತಿದೆ.

ನಿಮ್ಮ
ಸುಧಾರಾಣಿ


ಚಿತ್ತವಾಡ್ಗಿ
೪ ಆಗಸ್ಟ್ ೨೦೨೫

ಚಿ. ಸುಧಾರಾಣಿಗೆ ಆಶೀರ್ವಾದಗಳು.

ಪಂಪೇಶನ ಲೆಕ್ಕ ಓದಿ ಬಿದ್ದು ಬಿದ್ದು ನಕ್ಕೆ. ಆ ಹುಡುಗ ಉಳಿದ ಹತ್ತು ಟನ್ನನ್ನು ನಾಲ್ಕು ಲಾರಿಗೆ ಹಂಚಿದ್ದಾನೆ, ಗೊತ್ತಾಯಿತೇ? ಒಂದೊಂದಕ್ಕೆ ಎಷ್ಟು ಜಾಸ್ತಿ ಬಂತು ಅಂತ ಅವನನ್ನೇ ಕೇಳಬೇಕಿತ್ತು. ದಶಮಾಂಶದ ಪಾಠ ತಾನಾಗಿ ಬಾಗಿಲಿಗೆ ಬಂದಿತ್ತು, ನೀನು ತಪ್ಪು ಅಂತ ಕದ ಹಾಕಿದೆ. ಆಮೇಲೆ ರಸ್ತೆಯ ನಿಯಮ ಹೇಳಿ ಐದನೇ ಲಾರಿ ಕರೆಸಬಹುದಿತ್ತು. ಇರಲಿ, ನಾಳೆಯೂ ಲಾರಿ ಓಡುತ್ತವೆ.

ಮಗ್ಗಿಗೆ ಸುಷ್ಮಿತಾಳನ್ನೇ ದಿನಾ ನಿಲ್ಲಿಸಬೇಡ. ಬೇರೆಯವರನ್ನೂ ನಿಲ್ಲಿಸು. ಅದರ ಬಗ್ಗೆ ಈಗ ಹೆಚ್ಚು ಬರೆಯುವುದಿಲ್ಲ.

ಮೇಳಕ್ಕೆ ಬರಲಾಗುವುದಿಲ್ಲ. ಕಾರಣ ಕೇಳಬೇಡ. ಕಚೇರಿ ಕೆಲಸದ ಬಗ್ಗೆ ನಾನು ಅಭಿಪ್ರಾಯ ಹೇಳುವುದಿಲ್ಲ, ಅದು ನಿನ್ನ ಲೆಕ್ಕ, ನೀನೇ ಬಿಡಿಸು.

ಲಕ್ಷ್ಮೀಬಾಯಿ


ಸಂಡೂರು
೫ ಅಕ್ಟೋಬರ್ ೨೦೨೫

ಟೀಚರ್ ಅವರಿಗೆ ನಮಸ್ಕಾರಗಳು.

ಇಷ್ಟು ದಿನ ಬರೆಯಲಿಲ್ಲ. ಮೇಳ ಚೆನ್ನಾಗಿ ಆಯಿತು. ದಸರಾ ರಜೆಯಲ್ಲಿ ನಮ್ಮನ್ನೆಲ್ಲ ಮನೆಮನೆ ಸಮೀಕ್ಷೆಗೆ ಹಾಕಿದರು.

ರಜೆಯಲ್ಲಿ ಒಂದು ದಿನ ಬಿಡುವು ಮಾಡಿಕೊಂಡು ಚಿತ್ತವಾಡ್ಗಿಗೆ ಬಂದಿದ್ದೆ. ನಿಮ್ಮ ಮನೆಯ ಬಾಗಿಲು ತಟ್ಟಿದೆ. ಕೂಗಿದೆ. ಪಕ್ಕದ ಕಿಟಕಿಯಿಂದ ನೋಡಿದರೆ ನೀವು ಒಳಗೆ ಕುರ್ಚಿಯಲ್ಲಿ ಕುಳಿತು ಏನೋ ಓದುತ್ತಿದ್ದಿರಿ. ನಿಮ್ಮ ಬೆನ್ನು ಕಾಣುತ್ತಿತ್ತು. "ಟೀಚರ್, ನಾನ್ರಿ, ಸುಧಾ" ಅಂತ ಮತ್ತೆ ಕೂಗಿದೆ. ನೀವು ತಿರುಗಲಿಲ್ಲ. ಪುಟ ತಿರುಗಿಸಿದಿರಿ.

ನಾನೇನು ತಪ್ಪು ಮಾಡಿದೆನೋ ಗೊತ್ತಿಲ್ಲ. ಕೆಲಸ ಸಿಕ್ಕಾಗ ಮೊದಲು ನಿಮ್ಮ ಕಾಲಿಗೆ ಬೀಳಲು ಬರಲಿಲ್ಲ ಅಂತ ಕೋಪವಿರಬಹುದು. ಹಳೆಯ ವಿದ್ಯಾರ್ಥಿಗಳು ಹೀಗೆ ಕಾಡುವುದು ನಿಮಗೆ ಬೇಸರವೂ ಆಗಿರಬಹುದು. ಇನ್ನು ತೊಂದರೆ ಕೊಡುವುದಿಲ್ಲ. ತಂದಿದ್ದ ಮಲ್ಲಿಗೆಯನ್ನು ಬಾಗಿಲ ಚಿಲಕಕ್ಕೆ ಸಿಕ್ಕಿಸಿ ಬಂದೆ. ಕಚೇರಿ ಕೆಲಸಕ್ಕೇ ಹೋಗೋಣ ಅಂದುಕೊಂಡಿದ್ದೇನೆ.

ಸುಧಾರಾಣಿ


ಚಿತ್ತವಾಡ್ಗಿ
೧೩ ಅಕ್ಟೋಬರ್ ೨೦೨೫

ಸುಧಾ,

ಆ ಮಲ್ಲಿಗೆ ಯಾರದೆಂದು ಮನೆಯಲ್ಲಿ ಒಂದು ವಾರ ಚರ್ಚೆ ನಡೆಯಿತು. ಅಭಯನಿಗೆ ಹುಡುಗಿ ಯಾರೋ ಇಟ್ಟು ಹೋಗಿದ್ದಾಳೆಂದು ಅವನ ಅಮ್ಮ ಅವನನ್ನು ಸಾಕುಸಾಕು ಮಾಡಿದಳು. ನಿನ್ನ ಪತ್ರ ಓದಿ ಮೊದಲು ಸಿಟ್ಟು ಬಂತು, ಆಮೇಲೆ ಅಳು ಬಂತು. ಎರಡೂ ಮುಗಿದ ಮೇಲೆ ಬರೆಯುತ್ತಿದ್ದೇನೆ.

ನನಗೆ ಕಿವಿ ಕೇಳುವುದಿಲ್ಲ.

ಸ್ವಲ್ಪವಲ್ಲ, ಪೂರ್ತಿ. ಕೆಲಸದ ಕೊನೆಯ ವರ್ಷಗಳಲ್ಲೇ ಶುರುವಾಗಿತ್ತು. ಯಂತ್ರ ಹಾಕಿಸಿದರು, ಅದರಲ್ಲಿ ಮನುಷ್ಯರಿಗಿಂತ ಫ್ಯಾನಿನ ಸದ್ದೇ ಜೋರು, ತೆಗೆದಿಟ್ಟೆ. ನೀನು ಬಂದ ದಿನ ಮನೆಯವರೆಲ್ಲ ಕಂಪ್ಲಿಗೆ ಮದುವೆಗೆ ಹೋಗಿದ್ದರು. ನೀನು ಬಾಗಿಲಲ್ಲಿ ನಿಂತು ಕೂಗುವಾಗ ನಾನು ಹಾಯಾಗಿ ಪುಟ ತಿರುಗಿಸಿದೆನಲ್ಲ. ಮೇಳಕ್ಕೆ ಬರದಿದ್ದದ್ದೂ ಇದಕ್ಕೇ. ಮಕ್ಕಳು ಪ್ರಶ್ನೆ ಕೇಳಿದರೆ ನಾನು ಬೇರೇನೋ ಉತ್ತರ ಹೇಳಿ, ಅವರು ಬಾಯಿ ಮುಚ್ಚಿಕೊಂಡು ನಕ್ಕರೆ? ಅಷ್ಟು ವರ್ಷ ತರಗತಿ ಆಳಿದವಳಿಗೆ ಅದು ಆಗದು. ನಿನ್ನ ಮನಸ್ಸಿನಲ್ಲಾದರೂ ನಾನು ಹಳೆಯ ಲಕ್ಷ್ಮೀಬಾಯಿ ಟೀಚರ್ ಆಗಿಯೇ ಇರಲಿ ಅಂತ ಆಸೆ ಇತ್ತು. ಜಂಭ ಅನ್ನು ಬೇಕಾದರೆ.

ನಿಮ್ಮ ತಂಡದ ಹೊತ್ತಿಗೆ ಮಾತ್ರ ನನ್ನ ಕಿವಿ ಚೆನ್ನಾಗಿತ್ತು. ಆದ್ದರಿಂದ ಈಗ ಬರೆಯುವುದನ್ನು ನಂಬು. ನಿನಗೆ ಏಳೆಂಟ್ಲೆ ಬರುತ್ತಿರಲಿಲ್ಲ.

ಅದು ಗತ್ತಲ್ಲ ಸುಧಾ. ಆರನೇ ತರಗತಿಗೆ ಬಂದಾಗ ನೀನು ಹಿಂದಿನ ಸಾಲಿನಲ್ಲಿ ಎಲ್ಲರ ದನಿಯೊಳಗೆ ಅಡಗಿಕೊಂಡು ತುಟಿ ಆಡಿಸುತ್ತಿದ್ದೆ. ಅದಕ್ಕೇ ನಿನ್ನನ್ನು ಮುಂದೆ ನಿಲ್ಲಿಸಿದೆ. ನನ್ನ ಶಾಲೆಯಲ್ಲಿ ಮಗ್ಗಿ ಬರುವವರನ್ನು ನಾನು ಎಂದೂ ಮುಂದೆ ನಿಲ್ಲಿಸಿದವಳಲ್ಲ. ಬರುವವರು ಹಿಂದೆ ನಿಂತು ಕಾಯಬೇಕು, ಬಾರದವರು ಮುಂದೆ ನಿಂತು ಕಲಿಯಬೇಕು. ಒಂದೇ ಕಟ್ಟಳೆ: "ಆಕಿ ನಿಂತಾಗ ಯಾರೂ ಬಾಯಿ ಹಾಕಬ್ಯಾಡ್ರಿ. ಆಕೀನ ಹೇಳ್ತಾಳ." ಆ ಶ್ರಾವಣ ಪೂರ್ತಿ ನೀನು ಏಳೆಂಟ್ಲೆ ಹತ್ತಿರ ಬಂದು ನಿಲ್ಲುತ್ತಿದ್ದೆ. ಬೇವಿನ ಮರದ ಕೆಳಗೆ ಎಲ್ಲರೂ ಕಾಯುತ್ತಿದ್ದರು. ಬೆಲ್ ಹೊಡೆದರೂ ಅಲ್ಲಾಡುತ್ತಿರಲಿಲ್ಲ. ಒಂದು ಸಂಜೆ ನೀನು ಐವತ್ತಾರು ಅಂದೆ. ಮಕ್ಕಳು ಕುಣಿದಾಡಿಬಿಟ್ಟರು. ಆಮೇಲೂ ನೀನು ಅಲ್ಲಿ ತಡೆಯುವುದು ಬಿಡಲಿಲ್ಲ, ಅಭ್ಯಾಸವಾಗಿತ್ತು.

ನೀನು ಅದನ್ನು ಗತ್ತು ಅಂತ ನೆನಪಿಟ್ಟುಕೊಂಡಿದ್ದೀಯ ಎಂದು ಓದಿದಾಗ ನನಗಾದ ಸಂತೋಷ ಹೇಳಲಾರೆ. ಅದನ್ನು ಕೆಡಿಸಲು ಮನಸ್ಸು ಬರಲಿಲ್ಲ, ಆಗಸ್ಟಿನಲ್ಲಿ ಸುಮ್ಮನಾದೆ. ಈಗ ಹೇಳಬೇಕಾಯಿತು. ನೀನು ಆ ಅಕ್ಕನಾಗಮ್ಮನ ಬಗ್ಗೆ ಇವಳಿಂದ ಆಗದು ಅಂತ ಬರೆದಿದ್ದೀಯಲ್ಲ, ಅದನ್ನು ಓದುವಾಗ ನನ್ನ ಕಣ್ಣಿಗೆ ಬಂದವಳು ಎರಡು ಬಣ್ಣದ ರಿಬ್ಬನ್ನಿನವಳು.

ಕಚೇರಿಗೆ ಹೋಗುವುದಾದರೆ ಹೋಗು. ಅಲ್ಲಿಯೂ ಒಳ್ಳೆಯ ಕೆಲಸ ಮಾಡುತ್ತೀ. ನನ್ನ ಮೇಲಿನ ಮುನಿಸಿಗೆ ಮಾತ್ರ ಹೋಗಬೇಡ.

ಲಕ್ಷ್ಮೀಬಾಯಿ


ಸಂಡೂರು
೧೬ ನವೆಂಬರ್ ೨೦೨೫

ನನ್ನ ಟೀಚರ್,

ಒಂದು ತಿಂಗಳು ನಿಮಗೆ ಬರೆಯಲು ಮುಖವೇ ಇರಲಿಲ್ಲ. ಕಿಟಕಿಯಿಂದ ಇನ್ನೊಂದು ಸಲ ಕೂಗುವ ಬದಲು ಪಕ್ಕದ ಮನೆಯವರನ್ನು ಕೇಳಬಹುದಿತ್ತು. ಕೋಪ ಮಾಡಿಕೊಳ್ಳುವುದು ಸುಲಭವಿತ್ತು, ಮಾಡಿಕೊಂಡೆ. ಕ್ಷಮಿಸಿ.

ಏಳೆಂಟ್ಲೆ ವಿಷಯವನ್ನು ಮತ್ತೆ ಮತ್ತೆ ಓದಿದೆ. ದೀಪಾವಳಿಗೆ ಊರಿಗೆ ಹೋದಾಗ ಅಮ್ಮನನ್ನು ಕೇಳಿದೆ, ನಾನು ಮಗ್ಗಿಯಲ್ಲಿ ಹೇಗಿದ್ದೆ ಅಂತ. "ಅಯ್ಯ, ನಿದ್ದಿಯೊಳಗೂ ಏಳೆಂಟ್ಲೆ ಏಳೆಂಟ್ಲೆ ಅಂತ ಬಡಬಡಿಸ್ತಿದ್ದಿ. ಮುಂದಿಂದು ಏನಂತ ನನಗ ಇವತ್ತಿಗೂ ಗೊತ್ತಿಲ್ಲ ನೋಡು" ಅಂದಳು. ಎರಡು ದಿನ ಬೇಸರವಾಯಿತು. ಆಮೇಲೆ ಬೇರೆಯೇ ಒಂದು ನೆನಪು ಬಂತು. ನಾನು ನಿಂತಾಗ ಎಲ್ಲರೂ ನನ್ನ ಮುಖ ನೋಡುತ್ತಿದ್ದರಲ್ಲ, ಅದರಲ್ಲಿ ಒಬ್ಬರೂ ನಗುತ್ತಿರಲಿಲ್ಲ. ಹಾಗೆ ಕಾಯುವುದನ್ನು ಅವರಿಗೆ ಕಲಿಸಿದವರು ನೀವು. ನಾನು ನನ್ನ ಮಕ್ಕಳಿಗೆ ಓಡುವುದನ್ನು ಮಾತ್ರ ಕಲಿಸುತ್ತಿದ್ದೆ.

ಶಾಲೆ ತೆರೆದ ಮೇಲೆ ಅಕ್ಕನಾಗಮ್ಮನನ್ನು ಮುಂದೆ ಕರೆದೆ. "ನನಗ ಬರಂಗಿಲ್ರಿ ಮಿಸ್" ಅಂದಳು. "ಬರಂಗಿಲ್ಲ ಅಂತಾನ ಕರದೀನಿ" ಅಂದೆ. ನಿಮ್ಮ ಕಟ್ಟಳೆಯನ್ನೂ ಎಲ್ಲರಿಗೆ ಹೇಳಿದೆ. ಎಂಟರ ಮಗ್ಗಿ. ತಲೆ ತಗ್ಗಿಸಿ ತನ್ನ ಕಾಲಿಗೇ ಹೇಳುತ್ತಿದ್ದಾಳೇನೋ ಅನ್ನುವಷ್ಟು ಸಣ್ಣ ದನಿ. ಎಂಟೊಂಬತ್ಲೆ ಹತ್ತಿರ ಬಂದು ನಿಂತಳು. ಪಂಪೇಶ್ ಬಾಯಿ ತೆರೆದ, ಸುಷ್ಮಿತಾ ಅವನ ಅಂಗಿ ಜಗ್ಗಿದಳು. ಬೆಲ್ ಹೊಡೆಯಿತು. ಅವಳು ಹೇಳಲಿಲ್ಲ. ಮರುದಿನವೂ ಇಲ್ಲ. ಇನ್ನೊಂದು ದಿನ ಎಂಬತ್ತೊಂದು ಅಂದಳು, ಯಾರೂ ಕಮಕ್ ಕಿಮಕ್ ಅನ್ನಲಿಲ್ಲ, ತಾನೇ ತಲೆ ಅಲ್ಲಾಡಿಸಿ ಮತ್ತೆ ನಿಂತಳು. ಟೀಚರ್, ನನ್ನ ತರಗತಿ ಮೊದಲ ಸಲ ಸುಮ್ಮನಿತ್ತು. ಹೆದರಿ ಅಲ್ಲ.

ಕಚೇರಿಯಿಂದ ಆದೇಶ ಬಂದಿದೆ. ಒಪ್ಪಿಗೆ ಇದ್ದರೆ ಡಿಸೆಂಬರ್ ಮೊದಲ ಸೋಮವಾರ ಸಂಜೆಯೊಳಗೆ ನಾನೇ ಹೊಸಪೇಟೆಗೆ ಬಂದು ಬರೆದುಕೊಡಬೇಕು. ನಿಮ್ಮ ಅಭಿಪ್ರಾಯ ಕೇಳುವುದಿಲ್ಲ. ಒಂದೇ ಕೋರಿಕೆ. ನಮ್ಮ ಶಾಲೆಗೆ ಒಮ್ಮೆ ಬನ್ನಿ. ಭಾಷಣ ಬೇಡ, ಪ್ರಶ್ನೆ ಬೇಡ. ಮಗ್ಗಿಯ ಹೊತ್ತಿಗೆ ನನ್ನ ಪಕ್ಕ ನಿಂತುಕೊಂಡರೆ ಸಾಕು. ನಿಮಗೆ ಯಾವ ದಿನ ಅನುಕೂಲವೋ ಆ ದಿನ.

ನಿಮ್ಮ
ಸುಧಾ


ಚಿತ್ತವಾಡ್ಗಿ
೪ ಡಿಸೆಂಬರ್ ೨೦೨೫

ಸುಧಾ,

ಸೀರೆಯ ಅಂಚಿಗೆ ಹತ್ತಿದ ನಿಮ್ಮೂರ ಕೆಂಪು ಧೂಳು ಎರಡು ಸಲ ಒಗೆದರೂ ಹೋಗಿಲ್ಲ. ಇರಲಿ ಬಿಡು ಅಂದೆ. ಅಭಯನಿಗೆ ಅರ್ಧ ದಿನ ರಜೆ ಸಿಕ್ಕಿದ್ದು ಸೋಮವಾರ ಮಾತ್ರ, ಅದಕ್ಕೇ ಹೇಳದೆ ಕೇಳದೆ ನಿಮ್ಮ ಶಾಲೆಗೆ ಬಂದುಬಿಟ್ಟೆವು.

ಅಲ್ಲಿ ನಿನಗೆ ಏನೂ ಹೇಳಲಿಲ್ಲ. ಮಾತಾಡಿದರೆ ಅಳುತ್ತಿದ್ದೆ, ಮಕ್ಕಳ ಮುಂದೆ ಬೇಡವಾಗಿತ್ತು.

ನನಗೆ ಒಂದು ಅಕ್ಷರ ಕೇಳಲಿಲ್ಲ. ಲಾರಿ ಹೋದದ್ದು ನೆಲ ನಡುಗಿ ಕಾಲಿಗೆ ತಿಳಿಯಿತು, ಅಷ್ಟೆ. ಆದರೆ ಬಾಯಿಗಳು ಕಂಡವು. ಮುಂದೆ ಒಂದು ಪುಟ್ಟ ಬಾಯಿ ತೆರೆಯುವುದು, ಹಿಂದೆ ಎಲ್ಲ ಬಾಯಿಗಳೂ ತೆರೆಯುವುದು. ಎಂಟೊಂದ್ಲೆ, ಎಂಟೆರಡ್ಲೆ, ನಾನೂ ಒಳಗೊಳಗೇ ಹೇಳಿಕೊಳ್ಳುತ್ತಿದ್ದೆ. ಕೆಲಸದ ಕೊನೆಯ ವರ್ಷಗಳಲ್ಲಿ ಹೀಗೇ ನೋಡುತ್ತಾ ನಿಲ್ಲುತ್ತಿದ್ದೆ, ಯಾರಿಗೂ ಗೊತ್ತಿರಲಿಲ್ಲ. ಆಮೇಲೆ ಆ ಬಾಯಿ ನಿಂತಿತು. ಎಲ್ಲ ಬಾಯಿಗಳೂ ಮುಚ್ಚಿದವು. ಎಲ್ಲಿ ನಿಂತಳೆಂದು ನನಗೆ ಯಾರೂ ಹೇಳಬೇಕಾಗಿರಲಿಲ್ಲ.

ಎಷ್ಟು ಹೊತ್ತು! ಪಂಪೇಶ್ ಅನ್ನುವವನು ತುಟಿ ಕಚ್ಚಿಕೊಂಡು ಆಕಾಶ ನೋಡುತ್ತಿದ್ದ, ಅವನೇ ಅಂತ ಅದರಿಂದಲೇ ಗುರುತು ಹಿಡಿದೆ. ಆಮೇಲೆ ಅಕ್ಕನಾಗಮ್ಮನ ತುಟಿ ಸೇರಿ ಬಿಟ್ಟಿತು. ಎಪ್ಪತ್ತು ಅಂದರೂ ತುಟಿ ಸೇರುತ್ತದೆ, ಎಂಬತ್ತು ಅಂದರೂ ಸೇರುತ್ತದೆ. ಯಾವುದು ಅಂದಳೋ ತಿಳಿಯಲಿಲ್ಲ. ನಿನ್ನ ಮುಖ ನೋಡಿದೆ. ನೋಡಿದ ಮೇಲೆ ಅನುಮಾನ ಉಳಿಯಲಿಲ್ಲ.

ಬಹಳ ವರ್ಷಗಳ ಮೇಲೆ ನನಗೆ ಮಗ್ಗಿ ಕೇಳಿಸಿತು ಸುಧಾ.

ಬಸ್ಸಿನಲ್ಲಿ ಬರುವಾಗ ನೆನಪಾಯಿತು, ನಿನ್ನ ಕಚೇರಿಯ ವಿಷಯ ಕೇಳಲೇ ಇಲ್ಲ. ಒಪ್ಪಿಗೆ ಕೊಟ್ಟೆಯಾ? ಏನಾದರೂ ಸರಿ, ಬರೆದು ತಿಳಿಸು. ಹುಲುಗಮ್ಮನಿಗೆ ನನ್ನ ನೆನಪು ಹೇಳು.

ಲಕ್ಷ್ಮೀಬಾಯಿ


ಸಂಡೂರು
೭ ಡಿಸೆಂಬರ್ ೨೦೨೫

ಟೀಚರ್,

ಎಪ್ಪತ್ತೆರಡು ಅಂದಳು.

ಅಮ್ಮ ಎರಡು ದಿನ ಮಾತು ಬಿಟ್ಟಿದ್ದಳು. ನಿನ್ನೆ ಫೋನ್ ಮಾಡಿ, ಆ ಹುಡುಗಿ ಮುಂದಿನ ಮಗ್ಗಿ ಹೇಳ್ತಾಳೇನ ಅಂತ ಕೇಳಿದಳು. ಒಂಬತ್ತರದು ಶುರು ಮಾಡಿದ್ದಾಳೆ ಅಂದೆ.

ಕಚೇರಿಗೆ ಒಪ್ಪಿಗೆ ಕೊಡುವ ಕೊನೆಯ ಸಂಜೆ ಅದೇ ಸೋಮವಾರ. ಅರ್ಧ ದಿನದ ರಜೆಗೆ ಅರ್ಜಿ ಬರೆದಿಟ್ಟು, ಅಂದು ಮಾತ್ರ ಮಗ್ಗಿಯನ್ನು ಊಟ ಮುಗಿದ ಕೂಡಲೇ ಇಟ್ಟುಕೊಂಡಿದ್ದೆ, ಅದು ಮುಗಿಸಿ ಹೊಸಪೇಟೆ ಬಸ್ಸು ಹಿಡಿದರೆ ಆಗುತ್ತಿತ್ತು. ಅಷ್ಟರಲ್ಲಿ ನೀವು ಬಂದಿರಿ. ಬಸ್ಸು ಗೇಟಿನ ಮುಂದೆ ನಿಂತು ಹಾರ್ನ್ ಹೊಡೆದು ಹೋಯಿತು, ನಿಮಗೆ ಕೇಳಿರಲಿಕ್ಕಿಲ್ಲ. ನನಗೂ ಕೇಳಲಿಲ್ಲ ಟೀಚರ್, ಆಮೇಲೆ ಮಕ್ಕಳು ಹೇಳಿದರು. ಅಕ್ಕನಾಗಮ್ಮ ಆಗ ಎಂಟೊಂಬತ್ಲೆ ಹತ್ತಿರ ನಿಂತಿದ್ದಳು. ನಾನು ಕಾಯುತ್ತಿದ್ದೆ.

ನಿಮ್ಮ
ಸುಧಾ